ಆಸ್ಪತ್ರೆಯಲ್ಲಿ ಬಂದ ಬ್ರಾಂದಿ ವಾಸನೆ

ಹರಿಹರದ ವರ್ಕ್‌ಶಾಪಿನಲ್ಲಿ ನನ್ನ ಯಜಮಾನರ ಬಲಗೈ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿತು ಎಂದು ಫೋನು ಬಂದಾಗ ನಾನು ದಾವಣಗೆರೆಯ ಆನೆಕೊಂಡದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಆಟೊ ಹತ್ತಿ ಆಸ್ಪತ್ರೆಗೆ ಓಡಿದೆ. ಮಂಚದ ಹತ್ತಿರ ಬಗ್ಗಿದರೆ ಬ್ರಾಂದಿ ವಾಸನೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನುಷ್ಯ, ಜೀವಮಾನದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಬರುತ್ತಿದ್ದ ಅಳು ಅಲ್ಲೇ ನಿಂತು, ಸಿಟ್ಟು ನೆತ್ತಿಗೇರಿತು.

“ಯಾವಾಗಿಂದ ಶುರುವಾತ್ರಿ ಇದು?” ಎಂದೆ.

“ಕೈ ಹೋದ ಮ್ಯಾಲೆ ಕುಡಿಸಿದ್ರು. ನೋವು ತಡಕೊಳ್ಳಲಿ ಅಂತ.”

“ಯಾರು?” ಎಂದರೆ ಗೋಡೆ ಕಡೆ ಮುಖ ತಿರುಗಿಸಿದರು.

ವರ್ಕ್‌ಶಾಪಿನವರದು ಇದೊಂದು ಹುಚ್ಚು ಔಷಧಿ. ಯಾರಿಗಾದರೂ ಏಟಾದರೆ ಗಾಯಕ್ಕೊಂದಿಷ್ಟು ಬ್ರಾಂದಿ, ಬಾಯಿಗೊಂದಿಷ್ಟು. ಪಾಪ, ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಡಾಕ್ಟರು ಮದ್ಯದ ವಾಸನೆ ಎಂದು ಬರೆದರು, ಮಾಲೀಕರು ಅದನ್ನೇ ಹಿಡಿದುಕೊಂಡರು. ಕುಡಿದ ಅಮಲಿನಿಂದಲೇ ಅಪಘಾತವಾಗಿ ಬೆರಳು ಕಳೆದುಕೊಂಡರೆ ಮಾಲೀಕರು ಪರಿಹಾರ ಕೊಡಬೇಕಾಗಿಲ್ಲವಂತೆ. ಮೂರು ಬೆರಳು ಹೋಗಿದ್ದವು, ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಆ ಪರಿಹಾರ ತಪ್ಪಿದರೆ ನಾವು ಬೀದಿಗೆ ಬೀಳುತ್ತಿದ್ದೆವು.

ಪರಿಹಾರಕ್ಕೆ ಕೇಸು ಹಾಕಿದೆವು. ಕುಡಿಸಿದವರು ಬಂದು ನಿಜ ಹೇಳಿದರೆ ಕೇಸು ಗೆಲ್ಲುತ್ತೇವೆ ಎಂದು ನಮ್ಮ ವಕೀಲರು ಹೇಳಿದರು. ಆದರೆ ಇವರು ಹೆಸರು ಹೇಳಬೇಕಲ್ಲ.

“ಒಳಗೆ ಬಾಟ್ಲಿ ಇಟ್ಟಿದ್ದ ಅಂತ ಗೊತ್ತಾದ್ರೆ ಅವತ್ತೇ ಕೆಲಸದಿಂದ ತೆಗಿತಾರೆ. ಅವನ ಮಗಳ ಮದುವಿ ಬ್ಯಾರೆ ಗೊತ್ತಾಗೈತೆ,” ಎಂದರು.

“ಅವರ ಮಗಳ ಮದುವಿ ಆಗ್ಲಿ, ನಮ್ಮ ಮಕ್ಕಳು ನೀರು ಕುಡ್ಕೊಂಡು ಇರ್ಲಿ, ಅಲ್ಲೇನ್ರಿ?” ಎಂದು ಕೂಗಾಡಿದೆ. ಅವತ್ತು ಅಡುಗೆಮನೆಯ ಪಾತ್ರೆಗಳಿಗೆಲ್ಲ ನನ್ನ ಸಿಟ್ಟಿನ ರುಚಿ ಸಿಕ್ಕಿತು.

ದಾವಣಗೆರೆ ಕೋರ್ಟಿನಲ್ಲಿ ಮಾಲೀಕರ ವಕೀಲರು ಇವರನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳಿದರು: “ಕುಡಿಸಿದ್ದು ಯಾರು, ಹೇಳಿ?” ಇವರು ತಲೆ ತಗ್ಗಿಸಿ ನಿಂತರು. ಕೇಸು ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ನರೆಗೂದಲಿನವರೊಬ್ಬರು ಎದ್ದರು. ಇವರ ಪಕ್ಕದ ಮಷೀನಿನ ಫಿಟ್ಟರು.

“ನನ್ನ ಹೆಸರು ಹೇಳ್ತಾನೆ ಅಂತ ಕಾದು ಕುಂತಿದ್ದೆ ಸಾಹೇಬ್ರ. ಹೇಳವಲ್ಲ,” ಎಂದರು.

ನ್ಯಾಯಾಧೀಶರು ಅವರ ಸಾಕ್ಷಿಯನ್ನೂ ತೆಗೆದುಕೊಂಡರು. “ಬಾಟ್ಲಿ ನಂದ್ರಿ. ಸಂಜಿಗೆ ಅಂತ ಟೂಲ್ ಬಾಕ್ಸಿನಾಗ ಇಟ್ಟಿದ್ದೆ. ಕೈ ಹೋದ ಮ್ಯಾಲೆ ನಾನೇ ಬಾಯಾಗ ಹಾಕ್ದೆ. ಬ್ಯಾಡ ಬ್ಯಾಡ ಅಂದ, ನಾ ಬಿಡ್ಲಿಲ್ಲ.”

ಪರಿಹಾರ ನಮಗೆ ಸಿಕ್ಕಿತು. ಆ ಹಣದಲ್ಲಿ ಇಟ್ಟ ಹಿಟ್ಟಿನ ಗಿರಣಿಯೇ ಇವತ್ತಿಗೂ ನಮ್ಮ ಹೊಟ್ಟೆ ಹೊರೆಯುತ್ತಿದೆ. ದಿನಾ ಬೆಳಿಗ್ಗೆ ಸ್ವಿಚ್ ಒತ್ತುವಾಗ ಆ ಅಣ್ಣ ತಣ್ಣಗಿರಲಿ ಅಂದುಕೊಳ್ಳುತ್ತೇನೆ.

ಆದರೆ ಅವತ್ತು ಕೋರ್ಟಿನ ಹೊರಗೆ ಮಾಲೀಕರು ಆ ಅಣ್ಣನಿಗೆ ನಾಳೆಯಿಂದ ಬರಬೇಡ ಎಂದು ಹೇಳಿ ಹೋದರು. ನಾನು ಅವರ ಹತ್ತಿರ ಹೋಗಿ ಕೇಳಿದೆ: “ಮಗಳ ಮದುವಿ ಮುಂದಿಟ್ಕೊಂಡು ಯಾಕ ಹೇಳಿದ್ರಿ ಅಣ್ಣ?”

ಅವರು ಇವರ ಕೈ ಕಡೆ ನೋಡಿದರು.

“ಅವಂದು ಕೈ ಹೋಗೈತೆ ತಂಗೆಮ್ಮ. ನಂದು ಬರೀ ಕೆಲಸ.”