ಸಂಸೆಯ ದಾರಿಯಲ್ಲಿ ಒಂದು ಹಲೋ

ಮಂಗಳವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನಾನು ಸುಬ್ರಾಯನ ತೋಳು ಹಿಡಿದು ಅವನ ಬಾಯಿ ಮುಚ್ಚಿಸಿದೆ. ಅದಕ್ಕೆ ಮುಂಚಿನ ಎರಡು ದಿನ ಪ್ರಯಾಣ ಸುಸೂತ್ರವಾಗಿಯೇ ನಡೆದಿತ್ತು.

ಸುಬ್ರಾಯ ನನ್ನ ಹೆಂಡತಿಯ ತಮ್ಮ. ಸಂಸೆಯ ಆಚೆಗಿನ ಒಬ್ಬ ಬಿಳಿ ದೊರೆಯ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಕೆಲಸ ಖಾಲಿ ಇತ್ತು. ಸುಬ್ರಾಯ ಲೆಕ್ಕದಲ್ಲಿ ಗಟ್ಟಿಗ, ಇಂಗ್ಲಿಷಿನಲ್ಲಿ ಮಾತ್ರ ಹಸುಗೂಸು. ಬಿ.ಎ. ಮಾಡಿ ಮೇಷ್ಟ್ರಾಗಿದ್ದ ನಾನು ಅವನನ್ನು ತಯಾರು ಮಾಡುತ್ತ ಜೊತೆಗೆ ಹೊರಟೆ.

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಮೋಟಾರಿನಲ್ಲಿ ತಲಾ ಎಂಟಾಣೆ. ದಾರಿಯುದ್ದಕ್ಕೂ ಪಾಠ ನಡೆಯಿತು. "ದೊರೆ ಮೂರು ಹೆಜ್ಜೆ ಹತ್ತಿರ ಬರುವ ತನಕ ಸುಮ್ಮನಿರು. ಆಮೇಲೆ ಟೋಪಿ ತೆಗೆದು ಗುಡ್ ಮಾರ್ನಿಂಗ್, ಸರ್ ಅನ್ನು. ಹಲೋ ಅನ್ನೋದು ಸರೀಕರಿಗೆ ಮಾತ್ರ. ದೊರೆಗೆ ಹಲೋ ಅಂದರೆ ಕೆಲಸ ಹೋಯ್ತು ಅಂತಲೇ ತಿಳಿ."

ಎದುರು ಕೂತಿದ್ದ ಮುದುಕಿ ಎಲೆಅಡಿಕೆ ಜಗಿಯುತ್ತ, "ಏನಪ್ಪಾ, ಉಪದೇಶ ಆಗ್ತಾ ಉಂಟಾ? ಜನಿವಾರ ಯಾವಾಗ ಹಾಕ್ತೀರಿ?" ಎಂದಳು. ಮೋಟಾರೆಲ್ಲ ನಕ್ಕಿತು.

ಆ ರಾತ್ರಿ ಕೊಟ್ಟಿಗೆಹಾರ ಸೇರಿ ಅಕ್ಕಿರೊಟ್ಟಿ, ಕಾಯಿಚಟ್ನಿ ತಿಂದು ಮಲಗಿದೆವು. ಸೋಮವಾರ ಕಾಫಿ ಮೂಟೆ ತರಲು ಹೊರಟಿದ್ದ ಖಾಲಿ ಲಾರಿಯೊಂದು ನಮ್ಮನ್ನು ಕಳಸಕ್ಕೆ ಮುಟ್ಟಿಸಿತು. ಮಂಗಳವಾರ ಬೆಳಗಾಗುತ್ತಲೇ ನಡೆದೆವು. ಮಳೆ ಹಿಂದಿನ ದಿನ ನಿಂತಿದ್ದರೂ ಎಸ್ಟೇಟಿನ ಅಂಚಿನ ಹಳ್ಳ ಕೆಂಪಾಗಿ ಭೋರ್ಗರೆಯುತ್ತಿತ್ತು. ದಾಟಲು ಎರಡು ಮರದ ದಿಮ್ಮಿಗಳ ಸಂಕ.

ಆಚೆ ದಡದಿಂದ ದೊರೆ ಪೈಪು ಹೊತ್ತಿಸಿಕೊಳ್ಳುತ್ತ ಇಳಿದು ಬರುತ್ತಿದ್ದರು. ಅವರು ಮೊದಲು ದಾಟಲಿ ಎಂದು ನಾವು ಈಚೆ ನಿಂತೆವು. ಅವರು ಸಂಕದ ಮೇಲೆ ಕಾಲಿಟ್ಟರು. ಸುಬ್ರಾಯ ಒಮ್ಮೆಲೇ, "ಹಲೋ!" ಎಂದ.

ನನ್ನ ಕೈ ತಾನಾಗಿ ಅವನ ತೋಳಿಗೆ ಹೋಯಿತು. "ಏ ಮಾರಾಯ, ಹಲೋ ಅನ್ಬೇಡ! ಹತ್ರ ಬರ್ಲಿ!"

ನಮ್ಮ ಕಾಲಬುಡದಲ್ಲೇ ದಿಮ್ಮಿಯ ಕೆಳಗಿನ ಮಣ್ಣು ಕೊಚ್ಚಿಹೋಗಿತ್ತು. ಅವನು ಅದನ್ನು ಕಂಡಿದ್ದ. ನಾನು ಕಂಡಿರಲಿಲ್ಲ. ದೊರೆ ಇನ್ನೊಂದು ಹೆಜ್ಜೆ ಇಟ್ಟರು. ಸುಬ್ರಾಯ ಕೊಸರಿಕೊಂಡು, ಆ ಗಳಿಗೆಯಲ್ಲಿ ಬಾಯಿಗೆ ಬಂದ ಒಂದೇ ಇಂಗ್ಲಿಷ್ ಮಾತನ್ನು ಎರಡು ಕೈ ಎತ್ತಿ ಕಿರುಚಿದ: "ಹಲೋ! ಹಲೋ! ಹಲೋ!"

ದೊರೆಯ ಮುಖ ಕೆಂಪೇರಿತು. ಹುಚ್ಚನೆಂದುಕೊಂಡರೋ ಏನೋ, ಬೆತ್ತ ಎತ್ತಿ ಎರಡು ಹೆಜ್ಜೆ ಹಿಂದೆ ಸರಿದು ದಡದಲ್ಲಿ ನಿಂತರು. ದಿಮ್ಮಿಗಳು ಕಳಚಿ, ಒಂದು ಸುತ್ತು ಹೊರಳಿ, ಬಂಡೆಗೆ ಬಡಿದು ಕಣ್ಮರೆಯಾದವು.

ಮೇಲಿನ ಕಡವಿನಲ್ಲಿ ಹಳ್ಳ ದಾಟಿ, ಬಳಸಿಕೊಂಡು ದೊರೆಯ ಬಂಗಲೆ ಸೇರುವಷ್ಟರಲ್ಲಿ ಹತ್ತೂವರೆ. ನಾನು ಮೆಟ್ಟಿಲ ಬಳಿ ನಿಂತು, "ವಾಪಸು ಹೋಗೋಣ" ಎಂದೆ. ಸುಬ್ರಾಯ ಒಪ್ಪಲಿಲ್ಲ. "ಇಲ್ಲೀವರೆಗೆ ಬಂದಾಯ್ತಲ್ಲ ಭಾವ. ಬೈದರೆ ಬೈಸಿಕೊಂಡೇ ಹೋಗುವ."

ಕೂಗಿದ್ದು ಯಾರು ಎಂದು ಜಗಲಿಯಲ್ಲಿದ್ದ ದೊರೆ ಇಂಗ್ಲಿಷಿನಲ್ಲಿ ಕೇಳಿದರು. ಇವನು ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ, ತಡೆದವನು ನಾನು, ತಮಗೆ ಹಲೋ ಅನ್ನಬಾರದೆಂದು ಕಲಿಸಿದವನೂ ನಾನೇ ಎಂದು ಹೇಳಿಬಿಟ್ಟೆ.

ಅವರು ಬೆತ್ತವನ್ನು ಗೋಡೆಗೆ ಒರಗಿಸಿದರು. "ಹಳ್ಳದ ಹತ್ತಿರ ಹಲೋ. ಈ ಜಗಲಿಯಲ್ಲಿ ಗುಡ್ ಮಾರ್ನಿಂಗ್. ಅವನಿಗೆ ಹೀಗೆ ಹೇಳಿಕೊಡಿ" ಎಂದರು. ಸುಬ್ರಾಯ ಮೆಟ್ಟಿಲಿಳಿದು, ಮತ್ತೆ ಹತ್ತಿ, ಟೋಪಿ ತೆಗೆದು, ಕಲಿತದ್ದನ್ನು ಒಪ್ಪಿಸಿದ. "ಮಾರ್ನಿಂಗ್" ಎಂದ ದೊರೆ ಅವನನ್ನು ಒಂದು ತಿಂಗಳ ಪರೀಕ್ಷೆಗೆ ಇಟ್ಟುಕೊಂಡರು.

ಗುರುವಾರ ನಾನು ಹೊರಟಾಗ ಹೊಸ ಸಂಕ ಹಾಕಿದ್ದರು. ಎಸ್ಟೇಟಿನಲ್ಲಿ ಕಳೆದ ಎರಡು ರಾತ್ರಿಯೂ ನನಗೆ ನಿದ್ದೆಯಿರಲಿಲ್ಲ. ಕಣ್ಣು ಮುಚ್ಚಿದರೆ ಕೈ ಯಾವುದೋ ತೋಳನ್ನು ಹಿಡಿಯುತ್ತಿತ್ತು. ದಾಟಿ ಏರು ಹತ್ತುವಾಗ ಹಿಂದಿನಿಂದ ಕೂಗು ಬಂತು: "ಹಲೋ, ಭಾವಾ!"

ಸಂಕ ಬಿಗಿಯುತ್ತಿದ್ದ ಆಳುಗಳು ತಲೆಯೆತ್ತಿ ನೋಡಿದರು. ಕಾಲೇಜಿನಲ್ಲೂ ನಾನು ಆ ಮಾತನ್ನು ಗಟ್ಟಿಯಾಗಿ ಆಡಿದವನಲ್ಲ. ಆದರೂ ತಿರುಗಿ ನಿಂತು, ಎದುರು ಗುಡ್ಡಕ್ಕೆ ಕೇಳುವಂತೆ, "ಹಲೋ!" ಎಂದೆ.

ಶನಿವಾರ ಮನೆ ಸೇರಿದೆ. ಅವತ್ತೂ, ಮರುದಿನವೂ ರಾತ್ರಿ ಬೆಚ್ಚಿಬಿದ್ದೆ. ಮಂಗಳವಾರ ಬೆಳಿಗ್ಗೆ ಬಿಸಿಲು ಮುಖಕ್ಕೆ ಬಿದ್ದ ಮೇಲೆಯೇ ಎಚ್ಚರವಾಯಿತು. ಹೆಂಡತಿ ಕಾಫಿ ತಂದಿಟ್ಟು, ಬಳೆ ಸರಿಸಿ ಮುಂಗೈ ನೋಡಿಕೊಂಡಳು.

"ಅಂತೂ ನಿನ್ನೆ ರಾತ್ರಿ ನನ್ನ ಕೈ ಬಿಟ್ಟಿರಿ" ಎಂದಳು.