ಗೆರೆ ಎಳೆಯುತ್ತಿದ್ದ ಅಕ್ಕ

ಆ ಸಾಮಿಲ್ಲಿನಲ್ಲಿ ದಿಮ್ಮಿಗಳ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದವಳು ಮಾಲೀಕನ ಹೆಂಡತಿ. ಕೆಲಸಗಾರರಿಗೆಲ್ಲ ಅಕ್ಕ. ಮನೆಯ ಅಡುಗೆ, ಪಾತ್ರೆ, ಅತ್ತೆಯ ಸ್ನಾನ ಮುಗಿಸಿ ಬಂದು ದಿಮ್ಮಿಯನ್ನು ತಟ್ಟುವಳು. ಒಳಗೆ ಎಲ್ಲಿ ಪೊಳ್ಳಿದೆಯೆಂದು ಕಿವಿಯಲ್ಲೇ ತಿಳಿದು, ಅದನ್ನು ತಪ್ಪಿಸಿ ಗೆರೆ ಹಾಕುವಳು. ಇಪ್ಪತ್ತೆರಡು ವರ್ಷ ಗರಗಸ ಅವಳ ಗೆರೆಯ ಮೇಲೇ ನಡೆದಿತ್ತು.

ದಪ್ಪ ತೊಲೆ ಕೇಳುವವರು ಕಡಿಮೆಯಾದದ್ದನ್ನು ಮೊದಲು ಕಂಡವಳೂ ಅವಳೇ.

“ಈಗಿನ ಮನೆಗಳು ಚಿಕ್ಕವು ಕಣ್ರೀ. ಕಸ ಗುಡಿಸೋಳು ಒಬ್ಬಳೇ ಸರಿಸೋಕಾಗೋ ಮಂಚ ಬೇಕು. ತೆಳು ಹಲಗೆ ಕೊಯ್ಯೋಣ.”

“ಪೊರಕೆ ಹಿಡಿಯೋಳು ನಂಗೆ ವ್ಯಾಪಾರ ಹೇಳ್ಕೊಡ್ತಾಳೆ!” ಎಂದು ಗಂಡ ನಕ್ಕಿದ್ದ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಕೈಬಿಟ್ಟ ಮೇಲೆ ಅದೇ ಮಾತು ಅವನದಾಯಿತು.

ಇಂದು ಬೆಳಿಗ್ಗೆ ಮಿಲ್ಲಿನ ಹೊಸ ನಕ್ಷೆಯನ್ನು ಮೇಜಿನ ಮೇಲೆ ಹರಡಿದ. ತೆಳು ಹಲಗೆಗೆ ಬೇರೆ ಗರಗಸ, ಒಣಗಿಸುವ ಕೋಣೆ, ಗೆರೆ ಹಾಕಲು ಯಂತ್ರ. ಯಂತ್ರವೊಂದನ್ನು ಬಿಟ್ಟರೆ ಎಲ್ಲವೂ ಅವಳು ಹೇಳಿದ್ದೇ.

“ನಾನೆಲ್ಲಿ ನಿಲ್ಲಲಿ?”

“ನೀನ್ಯಾಕೆ ನಿಲ್ಬೇಕು? ಸಾಕು ದುಡಿದಿದ್ದು. ಮನೇಲಿ ಹಾಯಾಗಿರು. ಕೆಲಸದವರಿಗೆ ಮಧ್ಯಾಹ್ನದ ಊಟ ಮಾತ್ರ ಹೊತ್ತಿಗೆ ಸರಿಯಾಗಿ ಕಳಿಸು, ಹದಿನಾಲ್ಕು ಜನಕ್ಕೆ.”

ಅವನು ಅಕ್ಕರೆಯಿಂದಲೇ ಹೇಳಿದ್ದ. ಅದಕ್ಕೇ ಜಗಳಕ್ಕೂ ದಾರಿಯಿರಲಿಲ್ಲ. ಇಷ್ಟು ವರ್ಷ ಅವಳೂ ಕೆಲಸಗಾರರ ಸಾಲಿನಲ್ಲೇ ಕೂತು ಉಣ್ಣುತ್ತಿದ್ದಳು. ಅವಳೂ ಸೇರಿ ಹದಿನೈದು ಜನ. ಮನೆಗೆ ಹೋಗಿ ಹದಿನಾಲ್ಕು ಜನಕ್ಕೆ ಒಲೆ ಹಚ್ಚಿದಳು.