ಅಕ್ಕನ ಎಡೆ

ನನ್ನ ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಕುಶಾಲನಗರದ ಹತ್ತಿರದ ಈ ಮನೆಗೆ ಅವಳು ದೊಡ್ಡ ಸೊಸೆ, ನಾನು ಚಿಕ್ಕವಳು. ನಾನು ಮದುವೆಯಾಗಿ ಬರುವಷ್ಟರಲ್ಲೇ ಅವಳಿಗೆ ಶುಗರ್ ಬಂದಿತ್ತು. ಕೆಲವು ವರ್ಷಕ್ಕೆ ನನಗೂ ಬಂತು. ಈ ಮನೆಯಲ್ಲಿ ಜಗಳವಿಲ್ಲದೆ ಪಾಲಾದದ್ದು ಅದೊಂದೇ ಎಂದು ಅತ್ತೆ ತಮಾಷೆ ಮಾಡುತ್ತಿದ್ದರು.

ಬೆಳಗಾದರೆ ಇಬ್ಬರೂ ನಾಲೆಯ ಏರಿ ಮೇಲೆ ವಾಕಿಂಗ್. ನಿಜ ಹೇಳಬೇಕೆಂದರೆ ನಾನು ಆರೋಗ್ಯಕ್ಕಾಗಿ ಹೋದವಳಲ್ಲ. ಬಾಗಿಲಲ್ಲಿ ನಿಂತು “ಏಳೇ ಸೋಮಾರಿ” ಅನ್ನುತ್ತಾಳಲ್ಲ ಎಂಬ ನಾಚಿಕೆಗೆ ಹೋದವಳು. ಮದುವೆಯೂಟದಲ್ಲಿ ಹೋಳಿಗೆ ಬಂದರೆ ಅವಳು ಎಲೆಗೆ ಅಡ್ಡ ಕೈ ಹಿಡಿಯುತ್ತಿದ್ದಳು. ಅವಳ ಮುಖ ನೋಡಿಕೊಂಡು ನಾನೂ ಹಿಡಿಯುತ್ತಿದ್ದೆ. ಆಮೇಲೆ ಬಡಿಸುವವನ ಬೆನ್ನನ್ನೇ ನೋಡುತ್ತಿದ್ದೆ. ಇಂಥ ಗಟ್ಟಿ ಮನಸ್ಸು ನನಗೇಕಿಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಒಂದು ಮಳೆಗಾಲ, ಮಲಗಿದ್ದ ಅಕ್ಕ ಏಳಲಿಲ್ಲ. ಹಾರ್ಟು ಎಂದರು. ಅಷ್ಟು ಪಥ್ಯ ಮಾಡಿದವಳೇ ಹೋದಳಲ್ಲ, ನಾನು ಬಾಯಿ ಕಟ್ಟುವುದು ಇನ್ನು ಯಾವ ಪುರುಷಾರ್ಥಕ್ಕೆ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನನ್ನ ಕಾಫಿಗೆ ಸಕ್ಕರೆ ವಾಪಸು ಬಂತು. ‘ಇವತ್ತೊಂದು ದಿನ’ ಎನ್ನುವುದು ದಿನಾ ಬರುವ ಹಬ್ಬವಾಯಿತು.

ಕಣ್ಣು ಮಂಜಾಗತೊಡಗಿದಾಗ ಡಾಕ್ಟರು ನೋಡಿ, ಶುಗರ್ ಹಿಡಿತಕ್ಕೆ ಬರದಿದ್ದರೆ ದೃಷ್ಟಿ ಉಳಿಯುವುದಿಲ್ಲ ಎಂದರು. ಹೆದರಿದೆ. ಹೆದರಿಕೆ ಒಂದು ವಾರ ಬಾಳಿತು. ಆ ವಾರ ಒಬ್ಬಳೇ ಏರಿ ಮೇಲೆ ಹೋದೆ. ಪಕ್ಕದಲ್ಲಿ ಅವಳ ಜಾಗ ಬಿಟ್ಟೇ ನಡೆಯುತ್ತಿದ್ದೆ. ಹಿಂದಿನಿಂದ ರಬ್ಬರ್ ಚಪ್ಪಲಿಯ ಸದ್ದು ಬರುತ್ತಿತ್ತು, ನಾನು ನಿಂತರೆ ಅದೂ ನಿಲ್ಲುತ್ತಿತ್ತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ನಡೆಯುವುದನ್ನೇ ಬಿಟ್ಟೆ. ಆಮೇಲೆ ಹಾಸಿಗೆಯಲ್ಲಿದ್ದರೂ, ಬೆಳಕು ಹರಿಯುವಾಗ ಬಾಗಿಲ ಹತ್ತಿರ ಅವಳು ಕಾಯುತ್ತಿದ್ದಾಳೆ ಅನ್ನಿಸಿ ಮುಸುಕೆಳೆದುಕೊಳ್ಳುತ್ತಿದ್ದೆ.

ಪಿತೃಪಕ್ಷ ಬಂತು. ನಮ್ಮವರು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಹಿರಿಯರ ಹಬ್ಬಕ್ಕೆ ಸತ್ತವರಿಗೆ ಇಷ್ಟವಾದದ್ದನ್ನು ಬಾಳೆ ಎಲೆಯಲ್ಲಿ ಬಡಿಸಿ ಎಡೆ ಇಡುತ್ತೇವೆ. ಅವರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ. ಆಮೇಲೆ ಆ ಎಡೆಯನ್ನು ಮನೆಯವರೇ ಹಂಚಿಕೊಂಡು ತಿನ್ನಬೇಕು. ಅಕ್ಕನ ಎಡೆ ನಾನೇ ಇಡುತ್ತೇನೆ ಎಂದೆ. ಪಾಪ, ಅಷ್ಟು ವರ್ಷ ಬಾಯಿ ಕಟ್ಟಿದ್ದಳು, ಈಗಲಾದರೂ ತಿನ್ನಲಿ ಎಂದು ಕಜ್ಜಾಯ ಕರಿದೆ, ಹೋಳಿಗೆ ಬೇಯಿಸಿದೆ, ಲೋಟದ ತುಂಬ ಸಿಹಿ ಕಾಫಿ ಇಟ್ಟು ಬಾಗಿಲೆಳೆದೆ.

ಬಾಗಿಲು ತೆಗೆದಾಗ ಅತ್ತೆ ಆ ಎಲೆಯ ಮುಂದೆ ನಿಂತುಬಿಟ್ಟರು.

“ಇದ್ಯಾರಿಗಿಟ್ಟೆ?”

“ಅಕ್ಕಂಗೆ.”

“ಅವ್ಳೆಲ್ಲಿ ಸಿಹಿ ಮುಟ್ಟೋಳು? ಶುಗರ್ ಬರೋಕ್ ಮುಂಚೇನೂ ಬೆಲ್ಲ ಅಂದ್ರೆ ಮೂತಿ ತಿರುಗ್ಸೋಳು. ಒಂಚೂರು ಒಣಮೀನ್ ಸಾರಿದ್ರೆ ಸಾಕಿತ್ತು ಅವ್ಳಿಗೆ.” ಎಲೆಯನ್ನು ಇನ್ನೊಮ್ಮೆ ನೋಡಿ, “ಇದು ನಿನ್ನ ಎಡೆ ಕಣವ್ವ,” ಎಂದರು.

ಅತ್ತೆ ಹಂಗಿಸಿದ್ದಲ್ಲ, ಕಂಡದ್ದನ್ನು ಹೇಳಿದರು. ಯಾವ ಗಟ್ಟಿ ಮನಸ್ಸಿಗೆ ಅಷ್ಟು ವರ್ಷ ಹೊಟ್ಟೆ ಉರಿದುಕೊಂಡಿದ್ದೆನೋ ಅಂಥದ್ದು ಅವಳಿಗೆ ಬೇಕಾಗಿಯೇ ಇರಲಿಲ್ಲ. ಅವಳಿಗೆ ಆಸೆಯೇ ಇರಲಿಲ್ಲ. ಆಸೆ ಇದ್ದೂ ಬೇಡ ಎಂದವಳು ನಾನೊಬ್ಬಳೇ. ಅದನ್ನು ಯಾರೂ ಕಾಣಲಿಲ್ಲ, ನಾನೂ ಕಾಣಲಿಲ್ಲ.

ಅತ್ತೆ ಕಜ್ಜಾಯ ಮುರಿದು ನನ್ನತ್ತ ಚಾಚಿದರು. “ತಗೋ. ಎಡೆಗಿಟ್ಟಿದ್ದು ಬೇಡ ಅನ್ಬಾರ್ದು.”

ಬೆಲ್ಲದ ವಾಸನೆಗೆ ಬಾಯಲ್ಲಿ ನೀರೂರಿತು. ಅದೇನೂ ಸುಳ್ಳಲ್ಲ.

ಅಡ್ಡ ಕೈ ಹಿಡಿದು, “ನಾನಿನ್ನೂ ಸತ್ತಿಲ್ಲ ಅತ್ತೆ,” ಎಂದೆ.